ಮೈವಾಸನೆ: ಅದರ ಕಾರಣವೂ ಪರಿಹಾರವೂ

ಮೈಯ ದುರ್ಗಂಧವು ನಾಲ್ಕು ಜನರ ಮುಂದೆ ಎತ್ತಿ ಆಡುವ ಮಾತಲ್ಲ. ಜ್ವರ ಬಂದರೆ ನೆರೆಹೊರೆಯವರಿಗೆ ಹೇಳಿಕೊಳ್ಳುತ್ತೇವೆ. ಹಲ್ಲುನೋವಾದರೆ ಕೆನ್ನೆಗೆ ಕೈಯಿಟ್ಟುಕೊಂಡೇ ಶಾಲೆಗೆ ಬರುತ್ತೇವೆ. ಆದರೆ ತನ್ನ ಮಗುವಿನ ಮೈ ನಾರುತ್ತದೆಂದು ಯಾವ ತಾಯಿಯೂ ಬಾಯಿಬಿಟ್ಟು ಹೇಳಲಾರಳು. ಆದುದರಿಂದಲೇ ಈ ವಿಷಯದಲ್ಲಿ ಅಜ್ಞಾನವೂ ಬಹಳ, ಅದರಿಂದಾಗುವ ದುಃಖವೂ ಬಹಳ. ಇದನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯಬೇಕೆಂದು ನಮಗೆ ತೋರಿದ್ದಕ್ಕೆ ಒಂದು ಕಾರಣವೂ ಉಂಟು.

ನಮಗೆ ತಿಳಿದ ಒಂದು ಶಾಲೆಯಲ್ಲಿ, ಎರಡನೆಯ ತರಗತಿಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತುಕೊಳ್ಳಲು ಯಾರೂ ಒಪ್ಪದಂತಾಯಿತು. ಮಕ್ಕಳು ಮೂಗು ಮುಚ್ಚಿಕೊಂಡರು, ಅಡ್ಡಹೆಸರಿಟ್ಟರು, ಕೊನೆಗೆ ಅವಳನ್ನು ಕಿಟಕಿಯ ಬಳಿ ಒಂಟಿಯಾಗಿ ಕೂರಿಸಬೇಕಾಯಿತು. ತಾಯಿ ದಿನಕ್ಕೆರಡು ಬಾರಿ ಮೀಯಿಸಿದಳು, ಕಡಲೆಹಿಟ್ಟು ಹಚ್ಚಿ ಉಜ್ಜಿದಳು, ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿದಳು, ದೃಷ್ಟಿಯನ್ನೂ ತೆಗೆದಳು. ಮೂರು ತಿಂಗಳಾದರೂ ವಾಸನೆ ಹೋಗಲಿಲ್ಲ. ಹುಡುಗಿ ಶಾಲೆಗೆ ಹೋಗುವುದನ್ನೇ ಬಿಟ್ಟಳು. ಮುಂದೆ ಏನಾಯಿತೆಂಬುದನ್ನು ಅದರ ಸ್ಥಾನದಲ್ಲಿ ಹೇಳುವೆವು. ಮೊದಲು ವಾಸನೆ ಹುಟ್ಟುವುದು ಎಲ್ಲಿಂದ ಎಂಬುದನ್ನು ನೋಡೋಣ. ಇದನ್ನು ವಿಚಾರಿಸದೆ ಔಷಧಕ್ಕೆ ಕೈಹಾಕುವುದೇ ನಾವೆಲ್ಲರೂ ಮಾಡುವ ತಪ್ಪು.

ಬೆವರು ನಾರುತ್ತದೆಂದು ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಆಗತಾನೆ ಹೊರಬಂದ ಬೆವರಿಗೆ ವಾಸನೆಯೇ ಇಲ್ಲವೆನ್ನಬಹುದು. ಮನುಷ್ಯನ ಚರ್ಮದಲ್ಲಿ 20 ಲಕ್ಷದಿಂದ 40 ಲಕ್ಷದವರೆಗೆ ಬೆವರಿನ ಗ್ರಂಥಿಗಳಿವೆ. ಇವುಗಳಲ್ಲಿ ಹೆಚ್ಚಿನವು ಸುರಿಸುವುದು ನೀರನ್ನೂ ಸ್ವಲ್ಪ ಉಪ್ಪನ್ನೂ ಮಾತ್ರ; ಮೈಯನ್ನು ತಂಪಾಗಿಡುವುದೇ ಅವುಗಳ ಕೆಲಸ. ಇನ್ನೊಂದು ಬಗೆಯ ಗ್ರಂಥಿಗಳು ಮುಖ್ಯವಾಗಿ ಕಂಕುಳಲ್ಲಿಯೂ ತೊಡೆಸಂದಿನಲ್ಲಿಯೂ ಇರತಕ್ಕವು. ಇವು ಕೊಬ್ಬಿನ ಅಂಶ ಬೆರೆತ ಮಂದವಾದ ದ್ರವವನ್ನು ಸುರಿಸುತ್ತವೆ. ಚರ್ಮದ ಮೇಲೆ ಸದಾ ವಾಸವಾಗಿರುವ ಸೂಕ್ಷ್ಮಜೀವಿಗಳು ಈ ದ್ರವವನ್ನು ಒಡೆದು ತಿಂದು, ಕಟುವಾದ ವಾಸನೆಯ ಆಮ್ಲಗಳನ್ನೂ ಗಂಧಕದ ಸಂಯುಕ್ತಗಳನ್ನೂ ಹುಟ್ಟಿಸುತ್ತವೆ. ಕರೆದ ಹಾಲು ನಾರುವುದಿಲ್ಲ; ತೊಳೆಯದೆ ಬಿಟ್ಟ ಹಾಲಿನ ಪಾತ್ರೆ ನಾರುತ್ತದೆ. ಇಲ್ಲಿಯೂ ಹಾಗೆಯೇ. ಅಂಗಾಲಿನಲ್ಲಿ ಮಾತ್ರ ಎರಡನೆಯ ಬಗೆಯ ಗ್ರಂಥಿಗಳಿಲ್ಲ; ಆದರೂ ಬೂಟಿನೊಳಗೆ ಗಾಳಿಯಾಡದೆ ನೆನೆದ ಚರ್ಮವನ್ನೇ ಸೂಕ್ಷ್ಮಜೀವಿಗಳು ಆಹಾರ ಮಾಡಿಕೊಳ್ಳುತ್ತವೆ. ಆಗ ಹುಟ್ಟುವ ಆಮ್ಲವೂ ಪಾಶ್ಚಾತ್ಯರ ಕೆಲವು ಬಗೆಯ ಗಿಣ್ಣಿನಲ್ಲಿರುವ ಆಮ್ಲವೂ ಒಂದೇ.

ಈ ಎರಡನೆಯ ಬಗೆಯ ಗ್ರಂಥಿಗಳು ಹುಟ್ಟಿನಿಂದಲೇ ಇದ್ದರೂ ಪ್ರಾಯ ಬರುವವರೆಗೆ ನಿದ್ರಿಸುತ್ತಿರುತ್ತವೆ. ಆರು ಏಳನೆಯ ತರಗತಿಗೆ ಬರುವ ವೇಳೆಗೆ ಅವು ಎಚ್ಚರಗೊಳ್ಳುತ್ತವೆ. ಹೋದ ವರ್ಷದವರೆಗೆ ಆಟವಾಡಿ ಬಂದರೂ ಮೈ ನಾರದಿದ್ದ ಹುಡುಗನು ಈ ವರ್ಷ ನಾರಿದರೆ, ಅವನು ಕೊಳಕನಾದನೆಂದು ತಿಳಿಯಬಾರದು, ಬೆಳೆಯುತ್ತಿದ್ದಾನೆಂದು ತಿಳಿಯಬೇಕು. ಆದರೆ ಹೆಣ್ಣುಮಗುವಿಗೆ 8 ವರ್ಷ, ಗಂಡುಮಗುವಿಗೆ 9 ವರ್ಷ ತುಂಬುವ ಮೊದಲೇ ದೊಡ್ಡವರಂತೆ ಕಂಕುಳ ವಾಸನೆ ಬಂದರೆ ವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಇಲ್ಲೊಂದು ಸ್ವಾರಸ್ಯವಿದೆ. ಜಪಾನು, ಕೊರಿಯ, ಚೀನಾ ದೇಶಗಳ ಬಹುಜನರಿಗೆ ಕಂಕುಳ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅವರ ಕಿವಿಯ ಗುಗ್ಗೆಯೂ ಅಂಟಿಲ್ಲದೆ ಪುಡಿಪುಡಿಯಾಗಿರುತ್ತದೆ. ಒಂದೇ ಒಂದು ವಂಶವಾಹಿಯ ಸಣ್ಣ ವ್ಯತ್ಯಾಸವೇ ಇದಕ್ಕೆ ಕಾರಣ. ಕಿವಿಯ ಗುಗ್ಗೆಗೂ ಇದಕ್ಕೂ ಇರುವ ಸಂಬಂಧವನ್ನು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಮೈವಾಸನೆಯು ಗುಣಾವಗುಣಗಳ ಗುರುತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಸ್ನಾನದ ವಿಚಾರ. ನಮ್ಮ ಸೀಮೆಯಲ್ಲಿ ಇದು ಎರಡು ಬಗೆ. ಘಟ್ಟದ ಕೆಳಗೆ ಕೃಷ್ಣಗಿರಿಯ ಕಡೆ ಬೇಸಗೆ ಬಂದರೆ ಕುಳಿತಲ್ಲೇ ಬೆವರು ಹರಿಯುತ್ತದೆ; ಆದರೆ ಅದೇ ಕಾಲದಲ್ಲಿ ಕೊಳವೆ ಬಾವಿಗಳು ಬತ್ತಿ, ಮನೆಗೆ ಸಿಕ್ಕುವ ನೀರು ನಾಲ್ಕು ಕೊಡಕ್ಕೆ ಇಳಿಯುತ್ತದೆ. ಘಟ್ಟದ ಮೇಲೆ ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆ ಧನುರ್ಮಾಸದ ಚಳಿಯಲ್ಲಿ ಮಕ್ಕಳು ನೀರಿಗೆ ಹೆದರುತ್ತಾರೆ. ಒಂದೇ ಉಣ್ಣೆಯ ಅಂಗಿಯನ್ನು ಎರಡು ತಿಂಗಳು ಒಗೆಯದೆ ತೊಡುತ್ತಾರೆ. ಎರಡು ಕಡೆಗೂ ನಾವು ಹೇಳುವುದು ಒಂದೇ: ತಲೆಯಿಂದ ನೀರು ಸುರಿದುಕೊಂಡ ಮಾತ್ರಕ್ಕೆ ಸ್ನಾನವಾಗಲಿಲ್ಲ. ಅರ್ಧ ಬಕೆಟ್ಟು ಬಿಸಿನೀರು ಸಾಕು. ಮೊದಲು ಎರಡು ಚೊಂಬಿನಿಂದ ಮೈ ನೆನೆಸಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ಹೊಕ್ಕುಳು, ಕಾಲ್ಬೆರಳ ಸಂದುಗಳಿಗೆ ಸಾಬೂನು ಹಚ್ಚಿ ಕೈಯಿಂದ ಚೆನ್ನಾಗಿ ಉಜ್ಜಬೇಕು. ಉಳಿದ ನೀರನ್ನು ತೊಳೆಯುವುದಕ್ಕೆ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದುದು ಒರೆಸುವುದು. ಒದ್ದೆ ಮೈಯ ಮೇಲೆಯೇ ಅಂಗಿ ತೊಟ್ಟು ಓಡುವ ಮಗುವಿಗೆ ಸ್ನಾನದ ಫಲ ಅರ್ಧವೇ ದಕ್ಕುತ್ತದೆ. ತೇವವಿದ್ದಲ್ಲಿ ಸೂಕ್ಷ್ಮಜೀವಿಗಳು ಬಹು ಬೇಗ ಹೆಚ್ಚುತ್ತವೆ. ನೀರಿಗೆ ತೀರ ಬರವಾದ ದಿನ ಒದ್ದೆ ಬಟ್ಟೆಯಿಂದ ಈ ಸ್ಥಾನಗಳನ್ನಷ್ಟೇ ಒರೆಸಿ ಒಣಗಿಸಿದರೂ ನಡೆಯುತ್ತದೆ.

ಮೈ ಶುದ್ಧವಾಗಿದ್ದರೂ ಬಟ್ಟೆ ನಾರುವುದುಂಟು. ಬೆಲ್ಜಿಯಂ ದೇಶದ ಘೆಂಟ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 26 ಮಂದಿಗೆ ಹತ್ತಿಯ ಅಥವಾ ಪಾಲಿಯೆಸ್ಟರ್ ಅಂಗಿ ತೊಡಿಸಿ, ವ್ಯಾಯಾಮ ಮಾಡಿಸಿ, ಆ ಅಂಗಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಪಾಲಿಯೆಸ್ಟರ್ ಅಂಗಿಗಳೇ ಹೆಚ್ಚು ನಾರಿದವು. ಇಂದಿನ ಸಮವಸ್ತ್ರಗಳಲ್ಲಿ ಆ ನೂಲಿನ ಪಾಲು ಬಹಳ. ಬೇಗ ಒಣಗುತ್ತದೆ, ಇಸ್ತ್ರಿಯೂ ಬೇಡವೆಂದು ನಾವೇ ಅದನ್ನು ಮೆಚ್ಚಿಕೊಂಡೆವು. ಈಗ ಮಾಡಬಹುದಾದುದೆಂದರೆ, ಒಳಗೆ ಹತ್ತಿಯ ಬನಿಯನ್ನು ತೊಡಿಸುವುದು. ಶಾಲೆಯಿಂದ ಬಂದೊಡನೆ ಅಂಗಿ ಬಿಚ್ಚಿಸುವುದು. ಒಗೆಯುವಾಗ ಕಂಕುಳ ಭಾಗವನ್ನು ತಿರುವಿ ಸಾಬೂನು ಹಾಕಿ ಅರ್ಧ ಗಂಟೆ ನೆನೆಸುವುದು. ಒಳಮೈ ಮೇಲಾಗಿ ಬಿಸಿಲಿಗೆ ಹರಡುವುದು. ಋತುಕಾಲದಲ್ಲಿ ಬಟ್ಟೆ ಬಳಸುವ ಹೆಣ್ಣುಮಕ್ಕಳು ನಾಚಿಕೆಯಿಂದ ಅದನ್ನು ಕತ್ತಲೆಯ ಮೂಲೆಯಲ್ಲಿ ಒಣಗಿಸುವರು. ಇದು ವಾಸನೆಗೂ ರೋಗಕ್ಕೂ ದಾರಿ. ಅದಕ್ಕೆ ಬಿಸಿಲಿನ ಜಾಗವೊಂದನ್ನು ಮನೆಯಲ್ಲಿ ಮಾಡಿಕೊಡುವುದು ತಾಯಂದಿರ ಕೆಲಸ. ಬೂಟುಗಳನ್ನು ದಿನ ಬಿಟ್ಟು ದಿನ ಬಿಸಿಲಿಗಿಡಬೇಕು, ಕಾಲುಚೀಲವನ್ನು ದಿನವೂ ಒಗೆಯಬೇಕು. ಕಾರ್ಖಾನೆಯಲ್ಲಿ ಎಂಟು ಗಂಟೆ ದಪ್ಪ ಬೂಟು ತೊಟ್ಟು ಬರುವ ತಂದೆಯರಿಗೂ ಈ ಮಾತು ಸಲ್ಲುತ್ತದೆ.

ಕೆಲವು ವಾಸನೆಗಳು ಮೈಯದೇ ಅಲ್ಲ. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಮನೆಯ ಮಗುವಿನ ಬಟ್ಟೆಗೆ ಬೆಂದ ಹುಳುವಿನ ವಾಸನೆ ಅಂಟಿರುತ್ತದೆ. ಮುಂಜಾನೆ ಹಾಲು ಕರೆದು ಕೊಟ್ಟಿಗೆ ಬಳಿದು ಶಾಲೆಗೆ ಓಡಿಬರುವವನಲ್ಲಿ ಗಂಜಲದ ವಾಸನೆಯಿದ್ದರೆ ಆಶ್ಚರ್ಯವೇನು? ಸಮವಸ್ತ್ರವನ್ನು ಕೊಟ್ಟಿಗೆಯಿಂದಲೂ ಒಲೆಯಿಂದಲೂ ದೂರದ ಕೋಣೆಯಲ್ಲಿ ತೂಗುಹಾಕಿ, ಕೆಲಸ ಮುಗಿದ ಮೇಲೆ ತೊಟ್ಟರೆ ಬಹುಮಟ್ಟಿಗೆ ತೀರಿತು. ದುಡಿಮೆಯ ವಾಸನೆಗೆ ಮೂಗು ಮುರಿಯುವ ಹುಡುಗನು ಆ ಹಾಲನ್ನೇ ಕುಡಿದು ಬಂದಿರುತ್ತಾನೆಂಬುದನ್ನು ಇಲ್ಲಿ ಹೇಳದಿರಲಾರೆವು.

ಮನೆಮದ್ದುಗಳನ್ನು ಕುರಿತು ನಮ್ಮ ಪೂರ್ವಿಕರಿಗಿದ್ದ ಆಸಕ್ತಿ ಅಲ್ಪವಲ್ಲ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ರಚಿಸಿದ 'ಲೋಕೋಪಕಾರ'ವೆಂಬ ಕನ್ನಡ ಗ್ರಂಥದಲ್ಲಿ ವೈದ್ಯ, ಅಡುಗೆ, ಜಲಶೋಧನೆಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಸ್ಥಾನವಿದೆ. ನೂರು ವರ್ಷಗಳ ತರುವಾಯ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಸ್ನಾನವನ್ನೂ ಲೇಪನವನ್ನೂ ರಾಜನ ಭೋಗಗಳೊಳಗೆ ಸೇರಿಸಿ ವರ್ಣಿಸಿದ್ದಾನೆ. ಅರಸರ ಮಾತು ಹಾಗಿರಲಿ. ನಮ್ಮ ಮನೆಯ ಡಬ್ಬಿಗಳಲ್ಲಿ ಇರುವವುಗಳ ಬೆಲೆಯೇನು? ಪಟಿಕವು ನಿಜವಾಗಿ ಕೆಲಸಮಾಡುತ್ತದೆ. ಸ್ನಾನವಾದ ಮೇಲೆ ಅದರ ಗಟ್ಟಿಯನ್ನು ನೀರಿನಲ್ಲಿ ಅದ್ದಿ ಕಂಕುಳಿಗೆ ಎರಡು ಸಲ ತೀಡಿದರೆ ಸೂಕ್ಷ್ಮಜೀವಿಗಳ ಬೆಳವಣಿಗೆ ತಗ್ಗುತ್ತದೆ. ಗಾಯವಿದ್ದಲ್ಲಿ ಮಾತ್ರ ಹಚ್ಚಬಾರದು. ಸೀಗೆಪುಡಿಯೂ ಕಡಲೆಹಿಟ್ಟೂ ಸಾಬೂನಿನಷ್ಟು ಕ್ಷಾರವಲ್ಲದೆ ಕೊಳೆ ತೆಗೆಯುವುದರಿಂದ ಒಳ್ಳೆಯವೇ. ಲಾವಂಚ, ಶ್ರೀಗಂಧಗಳು ಹಿತವಾದ ಪರಿಮಳ ಕೊಡುತ್ತವೆ. ಕೊಳೆಯ ಮೇಲೆ ಹಚ್ಚಿದರೆ ಎರಡು ವಾಸನೆಗಳಾಗುತ್ತವೆ, ಅಷ್ಟೆ. ಪೌಡರಿನ ಕತೆಯೂ ಅದೇ. ನಿಂಬೆಹಣ್ಣನ್ನು ಕಂಕುಳಿಗೂ ಕುತ್ತಿಗೆಗೂ ಉಜ್ಜುವ ಅಭ್ಯಾಸವನ್ನು ನಾವು ಖಂಡಿತವಾಗಿ ಬೇಡವೆನ್ನುತ್ತೇವೆ. ನಿಂಬೆಯ ರಸ ತಗಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಡುಗೆ ಸೋಡವನ್ನು ದಿನವೂ ಹಚ್ಚುವುದೂ ಚರ್ಮಕ್ಕೆ ಉರಿಯೇ.

ಆಹಾರದ ಪ್ರಭಾವ ಇಲ್ಲವೆನ್ನಲಾಗದು. ಆದರೆ ಜನರು ತಿಳಿದಷ್ಟಿಲ್ಲ. ಬೆಳ್ಳುಳ್ಳಿಯ ಒಂದು ಗಂಧಕದ ಅಂಶವು ಜೀರ್ಣವಾಗದೆ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ. ಆದುದರಿಂದ ಎಷ್ಟು ಬಾಯಿ ಮುಕ್ಕಳಿಸಿದರೂ ಉಸಿರಿನ ವಾಸನೆ ಹೋಗದು. ಊಟದೊಡನೆ ಹಾಲು ಕುಡಿದರೆ, ಪುದೀನ ತಿಂದರೆ ಸ್ವಲ್ಪ ತಗ್ಗುತ್ತದೆ. ಬೆವರಿನ ಮಾತು ಬೇರೆ. ಪ್ರಾಗ್ ನಗರದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬೆಳ್ಳುಳ್ಳಿ ತಿಂದ ಪುರುಷರ ಕಂಕುಳ ವಾಸನೆಯು ತಿನ್ನದವರದಕ್ಕಿಂತ ಹಿತವೆಂದು ಮೂಸಿನೋಡಿದ ಸ್ತ್ರೀಯರು ತೀರ್ಪಿತ್ತರು! ಅದೇ ನಗರದಲ್ಲಿ 2006ರಲ್ಲಿ 17 ಮಂದಿಯ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ಮಾಂಸ ಬಿಟ್ಟ ಎರಡು ವಾರಗಳಲ್ಲಿ ವಾಸನೆ ಹಿತವಾಯಿತೆಂದು ಕಂಡುಬಂದಿತು. ಹದಿನೇಳು ಜನರನ್ನು ನೋಡಿ ಲೋಕಕ್ಕೆಲ್ಲ ಪಥ್ಯ ಹೇಳಲಾಗದು. ಮೆಂತ್ಯದ ಸಂಗತಿ ಹೆಚ್ಚು ಖಚಿತ. ಅದನ್ನು ಹೆಚ್ಚಾಗಿ ತಿಂದವರ ಬೆವರಿಗೂ ಮೂತ್ರಕ್ಕೂ ಸುಟ್ಟ ಸಕ್ಕರೆಯ ಪಾಕದಂಥ ವಾಸನೆ ಬರುತ್ತದೆ. ಬಾಣಂತಿಗೆ ಮೆಂತ್ಯ ತಿನ್ನಿಸಿದ ಮನೆಯಲ್ಲಿ ಹಸುಗೂಸಿಗೂ ಈ ವಾಸನೆ ಬಂದು, ಹುಟ್ಟಿನಿಂದ ಬರುವ ಒಂದು ಘೋರ ರೋಗವೆಂದು ವೈದ್ಯರು ಭ್ರಮಿಸಿದ್ದುಂಟು. ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಆ ರೋಗವೇ ಇರಬಹುದು, ತಡಮಾಡಬಾರದು. ಮೆಂತ್ಯ ತಿಂದುದನ್ನು ವೈದ್ಯರಿಗೆ ಹೇಳುವುದನ್ನೂ ಮರೆಯಬಾರದು. ಮಿಕ್ಕಂತೆ ರಾಗಿಮುದ್ದೆ, ಸೊಪ್ಪಿನ ಸಾರು, ಅವರೆಕಾಳುಗಳನ್ನು ವಾಸನೆಯ ಭಯದಿಂದ ಯಾರೂ ಬಿಡಬೇಕಾಗಿಲ್ಲ.

ಈಗ ಸಾಬೂನಿಗೂ ಪಥ್ಯಕ್ಕೂ ಬಗ್ಗದ ವಾಸನೆಗಳಿಗೆ ಬರೋಣ. ಮೊದಲು ಹೇಳಿದ ಹುಡುಗಿಯನ್ನು ಅವಳ ಸೋದರಮಾವನು ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದನು. ವೈದ್ಯರು ಮೈಯನ್ನು ಮೂಸಲಿಲ್ಲ. ಮೂಗಿನೊಳಗೆ ದೀಪ ಹಿಡಿದು ನೋಡಿದರು. ಬಲಗಡೆಯ ಹೊಳ್ಳೆಯಲ್ಲಿ ಮಾತ್ರ ಕೀವಿತ್ತು. ಅದರ ಹಿಂದೆ ಪೆನ್ಸಿಲಿನ ಬರಹ ಅಳಿಸುವ ರಬ್ಬರಿನ ಒಂದು ತುಂಡು ಸಿಕ್ಕಿಕೊಂಡಿತ್ತು! ಆಟದಲ್ಲಿ ಎಂದೋ ತೂರಿಸಿಕೊಂಡವಳು ಬೈಗುಳಕ್ಕೆ ಹೆದರಿ ಹೇಳಿರಲಿಲ್ಲ, ಆಮೇಲೆ ಮರೆತೂಬಿಟ್ಟಿದ್ದಳು. ಅದನ್ನು ತೆಗೆದ ನಾಲ್ಕಾರು ದಿನಗಳಲ್ಲಿ ವಾಸನೆ ಮಾಯವಾಯಿತು. ಸಣ್ಣ ಮಕ್ಕಳಲ್ಲಿ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಮಣಿಯೋ ಕಾಳೋ ಸಿಕ್ಕಿರಬಹುದೆಂದು ಮೊದಲು ಶಂಕಿಸಬೇಕು. ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗಬಾರದು. ಗುಂಡಿಯಂಥ ಬ್ಯಾಟರಿಯೆಂಬ ಅನುಮಾನವಿದ್ದರಂತೂ ಒಂದು ಗಂಟೆಯೂ ತಡೆಯಬಾರದು. ಕಿವಿ ಸೋರುವುದೂ ಹುಳುಕು ಹಲ್ಲೂ ಇದೇ ರೀತಿ ಮೈವಾಸನೆಯೆಂಬ ಅಪವಾದವನ್ನು ತರುತ್ತವೆ.

ಇನ್ನೊಂದನ್ನು ತಂದೆತಾಯಿಗಳು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಮಗುವಿನ ಉಸಿರು ಕಳಿತ ಹಣ್ಣಿನಂತೆ ವಾಸನೆ ಬರುತ್ತಿದ್ದು, ಅದರೊಡನೆ ತೀರದ ದಾಹ, ಮೇಲಿಂದ ಮೇಲೆ ಮೂತ್ರ, ಮೈ ಇಳಿಯುವುದು, ವಾಂತಿ, ಮಂಪರು ಕಂಡರೆ ಅದು ಸಿಹಿಮೂತ್ರರೋಗದ ಅಪಾಯಸ್ಥಿತಿ. ಮಕ್ಕಳಿಗೂ ಈ ರೋಗ ಬರುತ್ತದೆ. ನಾಳೆ ನೋಡೋಣವೆನ್ನದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದು ಅಪರೂಪದ್ದು, ಆದರೆ ಅದರಷ್ಟು ತಪ್ಪಾಗಿ ತಿಳಿಯಲ್ಪಟ್ಟ ರೋಗ ಮತ್ತೊಂದಿರಲಾರದು. ಮಹಾಭಾರತದ ಸತ್ಯವತಿಯು ಬೆಸ್ತರ ಮನೆಯಲ್ಲಿ ಮತ್ಸ್ಯಗಂಧಿಯಾಗಿದ್ದು, ಪರಾಶರನ ವರದಿಂದ ಯೋಜನಗಂಧಿಯಾದಳೆಂಬ ಕಥೆ ಎಲ್ಲರಿಗೂ ಗೊತ್ತು. ಮೀನನ್ನು ಮುಟ್ಟದವರ ಮೈಯೂ ಕೊಳೆತ ಮೀನಿನಂತೆ ನಾರುವ ಒಂದು ಸ್ಥಿತಿ ನಿಜಕ್ಕೂ ಇದೆ. ಅದರ ಕಾರಣವು ವೈದ್ಯಶಾಸ್ತ್ರದಲ್ಲಿ ಮೊದಲು ವರ್ಣಿತವಾದುದು 1970ರಲ್ಲಿ. ಅದಕ್ಕೆ ಹೊಣೆಯಾದ ವಂಶವಾಹಿಯ ದೋಷ ಪತ್ತೆಯಾದುದು 1997ರಲ್ಲಿ. ಮೊಟ್ಟೆಯ ಭಂಡಾರ, ಈಲಿ, ಸೋಯಾ, ಕಡಲೆಕಾಯಿ ಮೊದಲಾದವುಗಳಲ್ಲಿ ಕೋಲೀನ್ ಎಂಬ ಪೋಷಕಾಂಶವಿದೆ. ಕರುಳಿನ ಸೂಕ್ಷ್ಮಜೀವಿಗಳು ಅದರಿಂದ ಟ್ರೈಮೀಥೈಲಮೀನ್ ಎಂಬ ಮೀನುವಾಸನೆಯ ವಸ್ತುವನ್ನು ಮಾಡುತ್ತವೆ. ಇದು ಎಲ್ಲರಲ್ಲಿಯೂ ನಡೆಯುವುದೇ. ಯಕೃತ್ತಿನ ಒಂದು ಕಿಣ್ವ ಅದನ್ನು ವಾಸನೆಯಿಲ್ಲದಂತೆ ಮಾರ್ಪಡಿಸಿಬಿಡುತ್ತದೆ. ಆ ಕಿಣ್ವ ಕೆಟ್ಟವರಲ್ಲಿ ಮಾತ್ರ ಅದು ಬೆವರು, ಉಸಿರು, ಮೂತ್ರಗಳಲ್ಲಿ ಹಾಗೆಯೇ ಹೊರಬೀಳುತ್ತದೆ. ಎಷ್ಟು ಮಿಂದರೂ ಒಳಗಿನಿಂದ ಮತ್ತೆ ಬರುತ್ತದೆ. ತಂದೆತಾಯಿಗಳಿಬ್ಬರಿಂದಲೂ ದೋಷ ಬಂದಾಗ ಮಾತ್ರ ಈ ರೋಗ ಹುಟ್ಟುವುದರಿಂದ, ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿರುವ ಮನೆತನಗಳಲ್ಲಿ ಸಂಭವ ಸ್ವಲ್ಪ ಹೆಚ್ಚು.

ಇಂಥವರಿಗೆ ಆಹಾರವೇ ಮುಖ್ಯ ಔಷಧ. ಮೊಟ್ಟೆ, ಈಲಿ, ಸಮುದ್ರದ ಮೀನು, ಸೋಯಾ, ಕಡಲೆಕಾಯಿಗಳನ್ನು ವೈದ್ಯರ ಅಳತೆಯಂತೆ ತಗ್ಗಿಸಬೇಕು. ಕೆರೆ ಹೊಳೆಗಳ ಮೀನಿನಲ್ಲಿ ತೊಂದರೆಯ ಅಂಶ ಬಹಳ ಕಡಿಮೆ. ಕೃಷ್ಣಗಿರಿ ಅಣೆಕಟ್ಟಿನ ಮೀನನ್ನು ತಿನ್ನಬಹುದು. ನಮ್ಮ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಎಲೆಕೋಸು, ಹೂಕೋಸುಗಳನ್ನೂ ಇಂಥವರು ಮಿತಮಾಡಬೇಕು. ಟ್ರೈಮೀಥೈಲಮೀನ್ ಕ್ಷಾರಗುಣದ್ದಾದುದರಿಂದ, ಸಾಧಾರಣ ಸಾಬೂನಿಗಿಂತ ತುಸು ಆಮ್ಲಗುಣದ ಸಾಬೂನು ಅದನ್ನು ಚೆನ್ನಾಗಿ ತೊಳೆಯುತ್ತದೆ. ಇದನ್ನೋದಿ ಆರೋಗ್ಯವಾಗಿರುವ ಮಕ್ಕಳಿಗೆ ಮೊಟ್ಟೆ ನಿಲ್ಲಿಸಿದರೆ ದೊಡ್ಡ ಅನ್ಯಾಯವಾದೀತು. ಕೋಲೀನ್ ಎಲ್ಲರಿಗೂ ಬೇಕು, ಗರ್ಭಿಣಿಯರಿಗಂತೂ ಅತ್ಯವಶ್ಯ. ತಮಿಳುನಾಡಿನಲ್ಲಿ 1956ರಲ್ಲಿ ಕಾಮರಾಜರ ಕಾಲದಲ್ಲಿ ಹರಡಿದ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಸೇರಿ, 2010ರಿಂದ ವಾರಕ್ಕೆ ಐದು ಮೊಟ್ಟೆಗಳಾದವು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡೂ ಇದೆ. ಪರೀಕ್ಷೆಯಿಂದ ರೋಗ ಖಚಿತವಾದ ಮಗುವಿನ ತಂದೆತಾಯಿಗಳು ವೈದ್ಯರ ಚೀಟಿಯೊಡನೆ ಮುಖ್ಯೋಪಾಧ್ಯಾಯರನ್ನು ಕಂಡರೆ, ಯಾರಿಗೂ ತಿಳಿಯದಂತೆ ತಟ್ಟೆ ಬದಲಾದೀತು.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ವಾಸನೆಯ ಮಾತನ್ನು ತರಗತಿಯಲ್ಲಿ ಆಡಬೇಡಿ. ಮಗುವನ್ನು ಬೇರೆ ಕೂರಿಸಬೇಡಿ. ತಾಯಿಯನ್ನು ಕರೆಸಿ ಏಕಾಂತದಲ್ಲಿ, ಎಂದಿನಿಂದ, ಯಾವ ಬಗೆಯ ವಾಸನೆ, ಮೈಯದೋ ಮೂಗಿನದೋ ಬಾಯಿಯದೋ ಬಟ್ಟೆಯದೋ ಎಂದು ಕೇಳಿ. ವಿದ್ಯಾರ್ಥಿಗಳೇ, ನೀವು ಇಟ್ಟ ಅಡ್ಡಹೆಸರು ವಾಸನೆ ಹೋದ ಮೇಲೂ ಉಳಿಯುತ್ತದೆ. ರಬ್ಬರು ತೆಗೆದ ಮೇಲೆಯೂ ಆ ಹುಡುಗಿ ಒಂದು ತಿಂಗಳು ಶಾಲೆಯ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದಳು.

ಹೀಗೆ ಗೇಲಿಗೊಳಗಾದ ಕೆಲವರು ವಾಸನೆ ಇಲ್ಲದಿದ್ದರೂ ಇದೆಯೆಂದೇ ನಂಬಿಬಿಡುವುದುಂಟು. ಯಾರ ಗೇಲಿಗೂ ಒಳಗಾಗದವರಲ್ಲಿಯೂ ಈ ಭ್ರಮೆ ಹುಟ್ಟಬಹುದು. ಪಕ್ಕದವರು ಮೂಗು ಒರೆಸಿಕೊಂಡರೂ ತನ್ನಿಂದಲೇ ಎಂದುಕೊಳ್ಳುತ್ತಾರೆ, ದಿನಕ್ಕೆ ನಾಲ್ಕೈದು ಬಾರಿ ಮೀಯುತ್ತಾರೆ, ಮದುವೆಮನೆಗೆ ಹೋಗುವುದಿಲ್ಲ. 1971ರಲ್ಲಿ ಈ ಸ್ಥಿತಿಗೆ ವೈದ್ಯರು ಪ್ರತ್ಯೇಕ ಹೆಸರು ಕೊಟ್ಟರು. ಮನೆಯ ಇಬ್ಬರು ಮೂವರು ಪ್ರಾಮಾಣಿಕವಾಗಿ ಮೂಸಿನೋಡಿ ಏನೂ ಇಲ್ಲವೆಂದರೂ ಮಗ ನಂಬದಿದ್ದರೆ ಬೈದು ಫಲವಿಲ್ಲ. ಇದಕ್ಕೆ ಮನೋವೈದ್ಯರಲ್ಲಿ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿಯೇ ಇದೆ, ನಮ್ಮ ಊರಿನಿಂದ 40 ಕಿಲೋಮೀಟರಿನೊಳಗೆ.